ಟಿ.ಬಿ. ಡ್ಯಾಂ ಹಿನ್ನೀರು: ಕಾಟ್ಲಾ ಮರಿ ಬಿಟ್ಟರೂ ಬಲೆಗೆ ಚಿಲ್ಲರೆ ಮೀನೇ ಯಾಕೆ?

ಹಿನ್ನೀರು_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಹಗರಿಬೊಮ್ಮನಹಳ್ಳಿ ಕಡೆ, ತುಂಗಭದ್ರಾ ಹಿನ್ನೀರಿನ ದಂಡೆ. ಅಪ್ಪ, ಚಿಕ್ಕಪ್ಪ ಇಬ್ಬರದೂ ಮೀನುಗಾರಿಕೆ. ಮಳೆಗಾಲ ಬಂದರೆ ಕಾಟ್ಲಾ, ರೋಹು ಮರಿ ಬಿಡುತ್ತಾರೆ. ಆದರೆ ಬಲೆಗೆ ಜಾಸ್ತಿ ಬೀಳುವುದು ಜಿಲೇಬಿ (ತಿಲಾಪಿಯಾ), ಪಕ್ಕೆ, ಬೆರಳುದ್ದದ ಚಿಲ್ಲರೆ ಮೀನು.

ಚಿಲ್ಲರೆ ಮೀನೇ ಕಾಟ್ಲಾದ ಮೇವು ಮುಗಿಸುತ್ತಿದೆ, ಸಣ್ಣ ಕಣ್ಣಿನ ಅಲಿವಿ ಬಲೆ ಎಳೆದು ಎಲ್ಲ ಬಳಿದುಬಿಡಬೇಕು ಅಂತ ಚಿಕ್ಕಪ್ಪನ ವಾದ. ಅಪ್ಪ ಬೇಡ ಎನ್ನುತ್ತಾರೆ, ಕಾರಣ ಕೇಳಿದರೆ ಹೇಳುವುದಿಲ್ಲ. ಇನ್ನೊಬ್ಬರು ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ, ಅದು ಏನು ಸಿಕ್ಕರೂ ತಿಂದು ಬೆಳೆಯುತ್ತದೆ ಅಂದರು. ಯಾರ ಮಾತು ಸರಿ?

ತುಂಗೆ_ತೀರ

ಕ್ಯಾಟ್‌ಫಿಶ್ ಮಾತ್ರ ಬೇಡ ಮಾರಾಯ. ನಮ್ಮ ದೇಶದಲ್ಲಿ ಅದರ ಸಾಕಣೆಗೇ ನಿಷೇಧ ಇದೆ. ಏನು ಸಿಕ್ಕರೂ ತಿನ್ನುತ್ತದೆ ಅಂದರೆ ನಿಮ್ಮ ಕಾಟ್ಲಾ ಮರಿಯನ್ನೂ ತಿನ್ನುತ್ತದೆ ಅಂತ ಅರ್ಥ. ಉಳಿದದ್ದಕ್ಕೆ ಮೇಷ್ಟ್ರು ಬರಲಿ.

ಕೆರೆ_ಮೇಷ್ಟ್ರು

ತಮ್ಮಾ, ನಿಮ್ಮ ಅಪ್ಪ ಹೇಳದ ಕಾರಣ ನಾನು ಹೇಳುತ್ತೇನೆ. ನಿವೃತ್ತಿಯಾಗುವ ತನಕ ಮೀನಿನ ಹೊಟ್ಟೆ ಕೊಯ್ದು ಒಳಗೇನಿದೆ ಅಂತ ನೋಡುವುದೇ ನನ್ನ ಕೆಲಸ. ನನ್ನ ಶರ್ಟುಗಳಿಗೆ ಮನೆಯಲ್ಲಿ ಬೇರೆ ಬಕೆಟ್ಟೇ ಇತ್ತು.

ಕಾಟ್ಲಾ ಮೇಲ್ನೀರಿನ ಮೀನು. ನೀರಲ್ಲಿ ತೇಲುವ ಚುಕ್ಕೆಯಷ್ಟು ಸಣ್ಣ ಜೀವಿಗಳಿವೆಯಲ್ಲ, ಪ್ರಾಣಿ ಪ್ಲವಕ ಅನ್ನುತ್ತೇವೆ, ಅದೇ ಅದರ ಮುಖ್ಯ ಊಟ. ರೋಹು ನಡುನೀರಿನದು. ಕಲ್ಲು, ಕಡ್ಡಿಗೆ ಹತ್ತಿದ ಪಾಚಿ, ಮೆತ್ತಗಾದ ಗಿಡ ತಿನ್ನುತ್ತದೆ. ಮೃಗಾಲ್‌ಗೆ ತಳದ ಕೊಳೆತ ಕಸ. ಚಿಲ್ಲರೆ ಮೀನುಗಳಲ್ಲಿ ಕೆಲವು ಕಾಟ್ಲಾದ ಮೇವಿಗೇ ಬಾಯಿ ಹಾಕುತ್ತವೆ, ನಿಜ. ಚಿಕ್ಕಪ್ಪನ ಮಾತು ಅಷ್ಟರ ಮಟ್ಟಿಗೆ ಸರಿ.

ಆದರೆ ಆ ಚಿಲ್ಲರೆ ಮೀನನ್ನು ಯಾರು ತಿನ್ನುತ್ತಾರೆ ಅಂತ ನೋಡಿ. ಬಾಳೆ, ಕೊರವ ಎಂಬ ಬೇಟೆ ಮೀನುಗಳು. ನಿಮ್ಮ ಕಡೆಯ ಅಂಕಸಮುದ್ರ ಕೆರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು. ಪಕ್ಕೆ ಬಳಿದುಬಿಟ್ಟರೆ ಬಾಳೆಗೆ ಹಸಿವು ನಿಲ್ಲುತ್ತದೆಯೇ? ಬಿಟ್ಟ ಮರಿಗೇ ಬೀಳುತ್ತದೆ. ಇನ್ನು ಅಲಿವಿಯ ಸಣ್ಣ ಕಣ್ಣು ಇದು ಪಕ್ಕೆ, ಇದು ಕಾಟ್ಲಾ ಮರಿ ಅಂತ ಆರಿಸುವುದಿಲ್ಲ. ಎರಡನ್ನೂ ದಡಕ್ಕೆ ಎಳೆದು ಹಾಕುತ್ತದೆ.

ಇನ್ನೊಂದು ಲೆಕ್ಕ. ತಿನ್ನುವವರ ಸಾಲಲ್ಲಿ ಒಂದೊಂದು ಮೆಟ್ಟಿಲು ಏರಿದಾಗಲೂ ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಮೈಗೆ ಹತ್ತುತ್ತದೆ. 1000 ಕಿಲೋ ಪಾಚಿಯಿಂದ 100 ಕಿಲೋ ಪ್ಲವಕ, ಅದರಿಂದ 10 ಕಿಲೋ ಪಕ್ಕೆ, ಅದರಿಂದ 1 ಕಿಲೋ ಬಾಳೆ. ಪಾಚಿ, ಕೊಳೆತ ಕಸವನ್ನು ನೇರವಾಗಿ ತಿನ್ನುವ ಮೀನಿಗೆ ದಾರಿ ಹತ್ತಿರ. ಶ್ರೀಲಂಕಾದ ಹಳೆಯ ಕೆರೆಗಳಲ್ಲಿ 1952ರಲ್ಲಿ ಜಿಲೇಬಿ ಬಿಟ್ಟ ಮೇಲೆ ಇಳುವರಿ ಏರಿದ್ದು ಹೀಗೆ. ಅವು ಆಳವಿಲ್ಲದ ಕೆರೆಗಳು ಎಂಬುದನ್ನೂ ಮರೆಯಬೇಡಿ.

ನಮ್ಮದು ಹಾಗಲ್ಲ. 1995ರಲ್ಲಿ ಬಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ವರದಿಯೊಂದರಲ್ಲಿ ಭಾರತದ ಸಣ್ಣ ಜಲಾಶಯಗಳ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ 49.9 ಕಿಲೋ, ದೊಡ್ಡವುಗಳದ್ದು 11.4 ಕಿಲೋ. ದೊಡ್ಡದರಲ್ಲಿ ಆಳಕ್ಕೆ ಬೆಳಕು ಇಳಿಯುವುದಿಲ್ಲ. ಟಿ.ಬಿ. ಡ್ಯಾಂ ನೀರಲ್ಲಿ ಹೂಳು ಬೇರೆ. 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ. ಬೇಸಿಗೆಯಲ್ಲಿ ನೀರು ಎಷ್ಟು ಹಿಂದೆ ಸರಿಯುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ದಂಡೆಯಲ್ಲಿ ಗಿಡ, ಹುಳು ನೆಲೆಯೂರುವಷ್ಟರಲ್ಲಿ ನೆಲ ಒಣಗಿರುತ್ತದೆ. ಮೇವೇ ಕಡಿಮೆ ಇರುವಾಗ ಮರಿ ಲೆಕ್ಕ ಹೆಚ್ಚಿಸಿ ಸುಮ್ನೆ ಏನು ಪ್ರಯೋಜನ?

ಹೊಸ ಮೀನು ತಂದು ಗೆದ್ದವರೂ ಇದ್ದಾರೆ. ಆಫ್ರಿಕಾದ ಕರೀಬಾ ಜಲಾಶಯದ ನಡುನೀರಲ್ಲಿ ಪ್ಲವಕ ತಿನ್ನುವ ಮೀನೇ ಇರಲಿಲ್ಲ. 1967-68ರಲ್ಲಿ ಟ್ಯಾಂಗನಿಕಾ ಸರೋವರದಿಂದ ಕಪೆಂಟಾ ಎಂಬ ಪುಟ್ಟ ಮೀನು ತಂದು ಬಿಟ್ಟರು. ಇವತ್ತಿಗೂ ರಾತ್ರಿ ದೀಪ ಹಚ್ಚಿ ಹಿಡಿಯುತ್ತಾರೆ. ಅಲ್ಲಿ ಜಾಗ ಖಾಲಿ ಇತ್ತು. ಹಿಮಾಚಲದ ಗೋಬಿಂದ್ ಸಾಗರದಲ್ಲಿ ಇರಲಿಲ್ಲ. 1971ರಲ್ಲಿ ಆಕಸ್ಮಿಕವಾಗಿ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಎಂಬ, ಪ್ಲವಕವನ್ನೇ ತಿನ್ನುವ ಮೀನು ಸೇರಿತು. ಅದು ಹೆಚ್ಚುತ್ತಾ ಹೋದಂತೆ ಕಾಟ್ಲಾ ಕುಸಿಯಿತು. ಹೊಸ ಮೀನಿನ ಹೆಸರು ಹೇಳುವವರನ್ನೆಲ್ಲ ನಾನು ಒಂದೇ ಕೇಳುವುದು: ಅದು ಯಾರ ತಟ್ಟೆಗೆ ಕೈ ಹಾಕುತ್ತದೆ?

ಒಣಮೀನು_ಅಕ್ಕ

ಮೇಷ್ಟ್ರೇ, ಒಂದು ಮಾತು ಸೇರಿಸುತ್ತೇನೆ. ನಾನು ಒಣಮೀನು ಮಾರುವವಳು. ನೀವೆಲ್ಲ ಚಿಲ್ಲರೆ, ಚಿಲ್ಲರೆ ಅನ್ನುತ್ತೀರಿ. ಕಾಟ್ಲಾ ಐಸ್ ಪೆಟ್ಟಿಗೆಯಲ್ಲಿ ಲಾರಿ ಹತ್ತಿ ಹೋಗುತ್ತದೆ. ದಂಡೆಯ ಮನೆಗಳ ಸಾರಿಗೆ ಉಳಿಯುವುದು ಈ ಚಿಲ್ಲರೆಯೇ. ಮುಳ್ಳು ಸಮೇತ ತಿನ್ನುತ್ತೇವೆ, ಕ್ಯಾಲ್ಸಿಯಂ ಸಿಗುವುದೂ ಅದರಲ್ಲೇ. ಹಿಡಿಯಬೇಡಿ ಅನ್ನುತ್ತೀರಾ?

ಕೆರೆ_ಮೇಷ್ಟ್ರು

ಇಲ್ಲಮ್ಮಾ, ಹಿಡಿಯಿರಿ. ತಿಂದು, ಒಣಗಿಸಿ ಮಾರುವಷ್ಟು ಹಿಡಿಯುವುದು ಬೇರೆ, ಬೇರು ಸಮೇತ ಬಳಿಯುವುದು ಬೇರೆ. ಮರಿ ಬಿಟ್ಟ ಮೊದಲ ತಿಂಗಳುಗಳಲ್ಲಿ ಆ ಜಾಗದಲ್ಲಿ ಸಣ್ಣ ಕಣ್ಣಿನ ಬಲೆ ಬೇಡ, ಅಷ್ಟೇ.

ಹಿನ್ನೀರು_ಹುಡುಗ

ಧನ್ಯವಾದ ಸರ್. ಹಾಗಾದರೆ ಮರಿ ಬಿಡುವುದೇ ದಂಡವಾ?

ಕೆರೆ_ಮೇಷ್ಟ್ರು

ದಂಡ ಅಲ್ಲ, ಬಿಡುವ ರೀತಿ ನೋಡಬೇಕು. ಬಿಡುವ ಮರಿ ಎಷ್ಟುದ್ದ ಇರುತ್ತದೆ? ಉಗುರುದ್ದದ್ದು ಬಿಟ್ಟರೆ ಅದು ಬಾಳೆಗೆ ಹಾಕಿದ ಮೇವು. 4 ಇಂಚು ದಾಟಿದ ಬಲಿತ ಮರಿ ಕೇಳಿ. ಲೆಕ್ಕದಲ್ಲಿ ಕಡಿಮೆ ಸಿಗುತ್ತದೆ, ಪರವಾಗಿಲ್ಲ. ಕ್ರೆಸ್ಟ್ ಗೇಟು ಮುಚ್ಚಿದ ಮೇಲೆ ಬಿಡಿ, ಇಲ್ಲದಿದ್ದರೆ ಅರ್ಧ ಹೊಳೆ ಪಾಲು. ಒಂದೇ ಕಡೆ ಸುರಿಯಬೇಡಿ. ಕಾಟ್ಲಾ, ರೋಹು ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಹರಿವ ಹೊಸನೀರು ಬೇಕು. ಅದಕ್ಕೇ ಮಳೆ ಶುರುವಾದಾಗ ಹೊಳೆ ಬಾಯಲ್ಲಿ ಬಲೆ ಅಡ್ಡ ಕಟ್ಟಬಾರದು. ಜಿಲೇಬಿಗೆ ಈ ತೊಂದರೆ ಇಲ್ಲ. ನಿಂತ ನೀರಲ್ಲೇ ಗುಂಡಿ ತೋಡಿ ಮೊಟ್ಟೆ ಇಟ್ಟು, ಬಾಯಲ್ಲೇ ಮರಿ ಕಾಯುತ್ತದೆ. ನಿಮ್ಮ ಬಲೆಯಲ್ಲಿ ಅದು ತುಂಬಿರುವುದು ಅದಕ್ಕೇ.

ಈ ಸಲ ಮರಿ ಬಿಟ್ಟ ವಾರದಲ್ಲಿ ಬಾಳೆ ಸಿಕ್ಕರೆ, ಮಾರುವ ಮೊದಲು ಹೊಟ್ಟೆ ಕೊಯ್ದು ನೋಡಿ. ಒಳಗೆ ಪಕ್ಕೆ ಎಷ್ಟು, ಕಾಟ್ಲಾ ಮರಿ ಎಷ್ಟು ಅಂತ ಇಲ್ಲಿ ಬರೆಯಿರಿ. ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.