ಫೋಟೊ ‘ತಿದ್ದುವುದು’ ಅಂದರೆ ತಪ್ಪು ತೆಗೆಯುವುದು ಮಾತ್ರವಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ತಿದ್ದು’. ಅರ್ಥ ಏನು ಅಂತ ಕೇಳುವಷ್ಟು ಅಪರೂಪದ ಪದ ಏನಲ್ಲ. ಆದರೆ ಹೋದ ವಾರ ಈ ಪದದಿಂದಲೇ ನಮ್ಮ ಗೆಳೆಯರ ನಡುವೆ ಒಬ್ಬಳಿಗೆ ನೋವಾಯಿತು. ಪದ ಬಳಸಿದವನು ನಾನು. ಹಾಗಾಗಿ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿದೆ.

ನಾವು ಉಡುಪಿ, ಮಣಿಪಾಲ, ಕಟಪಾಡಿ ಕಡೆಯ ಹನ್ನೊಂದು ಜನ. ಫೋಟೊ ತೆಗೆದು ಎಡಿಟ್ ಮಾಡುವುದು ನಮ್ಮ ಹವ್ಯಾಸ, ಯಾರಿಗೂ ಇದು ಕಸುಬಲ್ಲ. ಬ್ಯಾಂಕಿನವರಿದ್ದಾರೆ, ಕಾಲೇಜು ಮಕ್ಕಳಿದ್ದಾರೆ, ನಿವೃತ್ತರಾದ ಒಬ್ಬ ಡ್ರಾಯಿಂಗ್ ಮಾಷ್ಟ್ರು ಇದ್ದಾರೆ. ಪ್ರತಿ ಶನಿವಾರ ರಾತ್ರಿ ಒಬ್ಬರು ತಾವು ತೆಗೆದ ಒಂದು ಫೋಟೊ ಕೊಡುತ್ತಾರೆ. ಉಳಿದವರು ಅದನ್ನೇ ಇಟ್ಟುಕೊಂಡು ತಮಗೆ ತೋಚಿದ ಹಾಗೆ ಕೆಲಸ ಮಾಡಿ ಶುಕ್ರವಾರದೊಳಗೆ ಕಳುಹಿಸಬೇಕು. ಬಹುಮಾನ ಇಲ್ಲ. ಯಾರ ಚಿತ್ರ ಜಾಸ್ತಿ ಜನಕ್ಕೆ ಇಷ್ಟವಾಯಿತೋ ಅವರು ಮುಂದಿನ ವಾರದ ಫೋಟೊ ಕೊಡುತ್ತಾರೆ, ಅಷ್ಟೇ. ಕೆಲವರು ಫೋಟೊಶಾಪ್, ಕೆಲವರು ಜಿಂಪ್, ಮಕ್ಕಳೆಲ್ಲ ಮೊಬೈಲಿನಲ್ಲೇ ಸ್ನ್ಯಾಪ್‌ಸೀಡ್. ಮಾತು ತುಳು, ಕೊಂಕಣಿ, ಕನ್ನಡ ಎಲ್ಲ ಸೇರಿಸಿ. ಬರೆಯುವುದಾದರೂ ಕನ್ನಡದಲ್ಲಿ ಇರಲಿ ಅಂತ ಈ ವರ್ಷ ಶುರು ಮಾಡಿದೆವು. ಶನಿವಾರದ ಕರೆ ಬರೆಯುವ ಕೆಲಸ ನನ್ನದು.

ಹೋದ ವಾರ ಕಟಪಾಡಿಯ ಹುಡುಗಿ ತನ್ನ ಅಜ್ಜಿಯ ಫೋಟೊ ಕೊಟ್ಟಳು. ಅವರದು ಶಂಕರಪುರ ಮಲ್ಲಿಗೆ ಬೆಳೆಯುವ ಮನೆ. ಬೆಳಗ್ಗೆ ಜಗಲಿಯಲ್ಲಿ ಕೂತು ಅಜ್ಜಿ ಬಾಳೆ ನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದಾರೆ. ಮುಂದೆ ಒದ್ದೆ ಬಟ್ಟೆ, ಅದರ ಮೇಲೆ ಮೊಗ್ಗಿನ ರಾಶಿ. ಹಿಂದೆ ಗೋಡೆಯ ಮೇಲೆ ಕರೆಂಟ್ ಮೀಟರಿನ ಡಬ್ಬ, ಮೂಲೆಯಲ್ಲಿ ಒಂದು ನೀಲಿ ಬಕೆಟ್. ಬೆಳಕು ಬಲಗಡೆಯಿಂದ ಬಂದು ಅರ್ಧ ಮುಖದ ಮೇಲೆ ಬಿದ್ದಿದೆ. ಕೆನ್ನೆಯ ಒಂದೊಂದು ಗೆರೆಯೂ ಕಾಣುತ್ತದೆ. ನಾನು ಕೆಳಗೆ ಬರೆದೆ: ‘ಈ ವಾರದ ಚಿತ್ರ ಇದು. ಚೆನ್ನಾಗಿ ತಿದ್ದಿ ಕಳುಹಿಸಿ.’

ಒಬ್ಬರು ಬಕೆಟ್ ಅಳಿಸಿದರು. ಒಬ್ಬರು ಮೊಗ್ಗಿನ ರಾಶಿಯನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪು-ಬಿಳುಪು ಮಾಡಿದರು. ಮಾಷ್ಟ್ರು ಅಜ್ಜಿಯ ಎರಡು ಕೈಗಳನ್ನಷ್ಟೇ ಬೆಳಕಿನಲ್ಲಿ ಇಟ್ಟು ಉಳಿದದ್ದನ್ನು ಕತ್ತಲೆಗೆ ಬಿಟ್ಟರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಕಾಲೇಜು ಹುಡುಗನೊಬ್ಬ ಅಜ್ಜಿಯ ಮುಖದ ಸುಕ್ಕು ಪೂರ್ತಿ ತೆಗೆದುಬಿಟ್ಟ. ಕೆನ್ನೆ ನುಣ್ಣಗಾಯಿತು, ಹಣೆ ನುಣ್ಣಗಾಯಿತು. ನಾರು ಹಿಡಿದ ಬೆರಳುಗಳು ಮಾತ್ರ ಎಪ್ಪತ್ತು ದಾಟಿದ ಬೆರಳುಗಳಾಗಿಯೇ ಉಳಿದವು.

ಹುಡುಗಿ ಒಂದೇ ಸಾಲು ಬರೆದಳು: ‘ನನ್ನ ಅಜ್ಜಿಯ ಮುಖದಲ್ಲಿ ತಿದ್ದುವಂಥದ್ದು ಏನಿತ್ತು?’

ಹುಡುಗ ಗಾಬರಿಯಾದ. ‘ತಿದ್ದಿ ಅಂತ ಬರೆದಿತ್ತಲ್ವಾ, ಅದಕ್ಕೇ ತಿದ್ದಿದೆ’ ಅಂದ. ಅವನನ್ನು ದೂರುವ ಹಾಗಿಲ್ಲ. ಅವನು ಕಂಡ ತಿದ್ದುವಿಕೆ ಪರೀಕ್ಷೆ ಪೇಪರಿನದು, ಕೆಂಪು ಶಾಯಿಯದು. ತಪ್ಪು ಎಲ್ಲಿದೆ ನೋಡು, ಸರಿ ಮಾಡು. ಮುಖದಲ್ಲೂ ಹಾಗೇ ಹುಡುಕಿದ, ಸುಕ್ಕು ಸಿಕ್ಕಿತು. ಹುಡುಗಿಯೂ ಪದವನ್ನು ಅದೇ ಅರ್ಥದಲ್ಲಿ ಓದಿದಳು. ಬರೆದ ನನ್ನ ಮನಸ್ಸಿನಲ್ಲಿದ್ದ ಅರ್ಥ ಬೇರೆ.

ಆಮೇಲೆ ಪದದ ಮಾತೇ ಎರಡು ದಿನ ನಡೆಯಿತು. ‘ಎಡಿಟ್’ ಅಂತಲೇ ಇರಲಿ, ನಾವು ಹೇಗೂ ತುಳುವಿನಲ್ಲಿ ‘ಎಡಿಟ್ ಮಲ್ತೆ’ (ಎಡಿಟ್ ಮಾಡಿದೆ) ಅಂತಲೇ ಹೇಳುವುದು ಅಂದರು ಒಬ್ಬರು. ‘ಪೊರ್ಲು ಮಲ್ಪುನಿ’ ಅನ್ನುವುದನ್ನೇ ಕನ್ನಡಕ್ಕೆ ತಂದು ‘ಚಂದ ಮಾಡಿ’ ಅನ್ನೋಣ ಅಂದರು ಇನ್ನೊಬ್ಬರು. ಅದರಲ್ಲೂ ಅದೇ ತೊಂದರೆ. ಅಜ್ಜಿ ಮೊದಲೇ ಚಂದ ಇರಲಿಲ್ಲವಾ? ‘ಸಂಪಾದನೆ’ ನನಗೆ ಒಗ್ಗುವುದಿಲ್ಲ, ಗ್ರಂಥಕ್ಕೆ ಸರಿ, ಮನೆಯಲ್ಲಿ ಹೇಳಿದರೆ ದುಡ್ಡಿನ ಮಾತು ಅಂದುಕೊಳ್ಳುತ್ತಾರೆ. ‘ಸಂಸ್ಕರಣೆ’ ಅಂದರೆ ಮೀನಿನ ಕಾರ್ಖಾನೆ ನೆನಪಾಗುತ್ತದೆ.

ಮಾಷ್ಟ್ರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ‘ನಿಮಗೆ ಮೊದಲು ಅಕ್ಷರ ಬಂದದ್ದು ಹೇಗೆ?’ ಅಂತ ಕೇಳಿದರು. ವಿಜಯದಶಮಿ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಅಜ್ಜ ಮಗುವಿನ ಬೆರಳು ಹಿಡಿದು ಬರೆಸುತ್ತಾರೆ. ಆಮೇಲೆ ಸ್ಲೇಟಿನಲ್ಲಿ ಯಾರೋ ದೊಡ್ಡದಾಗಿ ‘ಅ’ ಬರೆದುಕೊಡುತ್ತಾರೆ. ಮಗು ಅದರ ಮೇಲೆಯೇ ಬಳಪ ಓಡಿಸುತ್ತದೆ. ಇದಕ್ಕೆ ನಾವು ಹೇಳುವುದು ‘ಅಕ್ಷರ ತಿದ್ದುವುದು’ ಅಂತಲೇ. ಅಲ್ಲಿ ತಪ್ಪು ಎಲ್ಲಿದೆ? ಮೊದಲೇ ಇರುವ ಗೆರೆ ಸರಿಯಾಗಿಯೇ ಇದೆ. ಮಗುವಿನ ಕೈ ಅದರ ಮೇಲೆ ಹೋಗುತ್ತದೆ, ಹೋಗಿ ಹೋಗಿ ಗೆರೆ ದಪ್ಪವಾಗುತ್ತದೆ. ‘ನಾವು ಫೋಟೊಗೆ ಮಾಡುವುದೂ ಇದನ್ನೇ’ ಅಂದರು ಮಾಷ್ಟ್ರು.

ಇನ್ನೊಂದು ಬಳಕೆ ಯಕ್ಷಗಾನದ ಚೌಕಿಯದು, ಅಂದರೆ ವೇಷ ಹಾಕಿಕೊಳ್ಳುವ ಜಾಗದ್ದು. ಇಲ್ಲಿನವರು ಎಲ್ಲರೂ ನೋಡಿರುತ್ತೀರಿ. ಕಲಾವಿದರು ನೆಲದಲ್ಲಿ ಕೂತು, ಕೈಗನ್ನಡಿ ಎದುರಿಗಿಟ್ಟುಕೊಂಡು, ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ಮೊದಲು ಮುಖಕ್ಕೆಲ್ಲ ಬಣ್ಣ. ಆಮೇಲೆ ಸಣ್ಣ ಕಡ್ಡಿ ಹಿಡಿದು ಹಣೆಗೆ ನಾಮ ತಿದ್ದುತ್ತಾರೆ, ಹುಬ್ಬು ತೀಡುತ್ತಾರೆ. ನಾಮ ತಿದ್ದುವಾಗ ಹಣೆಯಲ್ಲಿ ತಪ್ಪೇನೂ ಇರುವುದಿಲ್ಲ. ಮನೆಯಲ್ಲಿ ಹೆಂಗಸರು ‘ಕುಂಕುಮ ತಿದ್ದಿಕೊಂಡು ಬಂದೆ’ ಅನ್ನುವಾಗಲೂ ಹಾಗೆಯೇ.

ಹಳಗನ್ನಡದಲ್ಲಿ ಇದು ‘ತಿರ್ದು’. ‘ಇರ್ದು’ ಹೋಗಿ ‘ಇದ್ದು’ ಆದ ಹಾಗೆ ‘ತಿರ್ದು’ ಹೋಗಿ ‘ತಿದ್ದು’ ಆಗಿದೆ. ಅಕ್ಕಪಕ್ಕದ ಭಾಷೆಗಳಲ್ಲೂ ಇದರ ನಂಟರಿದ್ದಾರೆ. ತಮಿಳಿನ ‘ತಿರುತ್ತು’ ಸರಿಪಡಿಸುವುದು. ತೆಲುಗಿನಲ್ಲಿ ‘ದಿದ್ದು’. ಅವರು ಅಕ್ಷರವನ್ನೂ ದಿದ್ದುತ್ತಾರೆ, ಹಣೆಗೆ ಬೊಟ್ಟನ್ನೂ ದಿದ್ದುತ್ತಾರೆ, ತಪ್ಪು ಸರಿಪಡಿಸುವುದಕ್ಕೂ ‘ದಿದ್ದುಬಾಟು’ ಅನ್ನುತ್ತಾರೆ. ಅಂದರೆ ಎರಡೂ ಅರ್ಥ ಒಂದೇ ಪದದಲ್ಲಿ ಬಹಳ ಕಾಲದಿಂದ ಜೊತೆಗೇ ಇವೆ. ಇದನ್ನು ಕಂಡಾಗ ನನಗೆ ಸ್ವಲ್ಪ ಧೈರ್ಯ ಬಂತು. ಆದರೆ ನಿಘಂಟು ಅರ್ಥಗಳನ್ನು ಸಾಲಾಗಿ ಕೊಡುತ್ತದೆ, ಇವತ್ತು ಓದುವವರ ಮನಸ್ಸಿಗೆ ಯಾವುದು ಮೊದಲು ಬರುತ್ತದೆ ಅಂತ ಹೇಳುವುದಿಲ್ಲ. ಕಿಟೆಲ್ ಅವರ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು, ಬಾಸೆಲ್ ಮಿಶನ್ನಿನಿಂದ. ಅಲ್ಲಿಂದ ಇಲ್ಲಿಗೆ ಶಾಲೆಯ ಕೆಂಪು ಶಾಯಿ ಎಷ್ಟು ಹರಿದಿದೆ! ಆ ಒಂದು ಅರ್ಥ ಉಳಿದವನ್ನು ಮುಚ್ಚಿಬಿಟ್ಟಿದೆಯಾ ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಹಳೆಯ ಸ್ಟುಡಿಯೊದವರಿಗೆ ಈ ಕೆಲಸಕ್ಕೆ ಒಂದು ಪದ ಇತ್ತು: ‘ಟಚಿಂಗ್’. ಚಿಕ್ಕವನಿದ್ದಾಗ ಮಂಗಳೂರಿನ ಒಂದು ಸ್ಟುಡಿಯೊದಲ್ಲಿ ನೋಡಿದ್ದೇನೆ. ಓರೆಯಾದ ಗಾಜಿನ ಮೇಲೆ ನೆಗೆಟಿವ್, ಗಾಜಿನ ಹಿಂದೆ ಬೆಳಕು. ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಅವರು ಚುಕ್ಕಿ ಚುಕ್ಕಿ ಇಡುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲ್ ಮುಟ್ಟಿದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪು ಹೀಗೆ ಕಡಿಮೆಯಾಗುತ್ತಿತ್ತು. ‘ಟಚಿಂಗ್’ ಅನ್ನುವ ಪದದಲ್ಲಿ ಕೈ ಮುಟ್ಟಿತು ಅನ್ನುವಷ್ಟೇ ಇದೆ. ಮುಖ ಸರಿಯಿಲ್ಲ ಅನ್ನುವ ತೀರ್ಪು ಇಲ್ಲ. ಅದಕ್ಕೇ ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ ಅನ್ನಿಸುತ್ತದೆ. ಆದರೆ ಆ ಕೆಲಸ ನಡೆಯುತ್ತಿದ್ದದ್ದು ಮೂಲ ನೆಗೆಟಿವ್ ಮೇಲೆಯೇ.

ಈಗ ಹಾಗಿಲ್ಲ ಅನ್ನುವುದೂ ಪದಕ್ಕೆ ಸಂಬಂಧಪಟ್ಟ ಮಾತೇ. ಫೋಟೊಶಾಪ್ 1990ರಲ್ಲಿ ಮೊದಲು ಬಂದಾಗ ಅದರಲ್ಲಿ ಲೇಯರ್‌ಗಳು ಇರಲಿಲ್ಲ, ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಈಗ ಮೂಲ ಚಿತ್ರ ಕೆಳಗೆ ಹಾಗೇ ಇರುತ್ತದೆ, ಎಲ್ಲ ಕೆಲಸವೂ ಮೇಲಿನ ಪದರದಲ್ಲಿ. ಬೇಡ ಅನ್ನಿಸಿದರೆ ಆ ಪದರ ತೆಗೆದಿಟ್ಟರಾಯಿತು, ಅಜ್ಜಿಯ ಮುಖ ಇದ್ದ ಹಾಗೇ ಇದೆ. ಸ್ಲೇಟಿನ ‘ಅ’ದ ಮೇಲೆ ಬಳಪ ಓಡಿದ ಹಾಗೆ. ಕೆಂಪು ಶಾಯಿಯ ಗೀಟಿಗಿಂತ ಅಕ್ಷರ ತಿದ್ದುವುದೇ ಇದಕ್ಕೆ ಹತ್ತಿರ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಲೇಯರಿಗೆ ‘ಪದರ’ ಅನ್ನುವುದರಲ್ಲಿ ನಮಗೆ ಯಾರಿಗೂ ತಕರಾರಿಲ್ಲ. ಪತ್ರೊಡೆ ಮಾಡುವ ಊರಿನವರಿಗೆ ಪದರ ಏನು ಅಂತ ಹೇಳಿಕೊಡಬೇಕಾ? ಎಲೆ, ಹಿಟ್ಟು, ಮತ್ತೆ ಎಲೆ, ಮತ್ತೆ ಹಿಟ್ಟು. ಚಿತ್ರದ ಅಂಚು ಕತ್ತರಿಸುವ ‘ಕ್ರಾಪ್’ ಕೂಡ ಹಾಗೇ ಇಟ್ಟುಕೊಂಡಿದ್ದೇವೆ. ತಲೆಕೂದಲಿಗೆ ಕ್ರಾಪು ಹೊಡೆಸಿಕೊಂಡ ಕಾಲದಿಂದಲೂ ಅದು ಕನ್ನಡದ್ದೇ.

ತೊಡಕಾದದ್ದು ‘ಮಾಸ್ಕ್’. ಪದರದ ಒಂದು ಭಾಗ ಕಾಣದ ಹಾಗೆ ಮಾಡಲು ಇದನ್ನು ಬಳಸುತ್ತೇವೆ. ಕಪ್ಪು ಬಳಿದಲ್ಲಿ ಪದರ ಮರೆಯಾಗುತ್ತದೆ, ಬಿಳಿ ಬಳಿದಲ್ಲಿ ಮತ್ತೆ ಕಾಣುತ್ತದೆ. ಏನೂ ಅಳಿಸಿಹೋಗುವುದಿಲ್ಲ. ಒಬ್ಬರು ಇದನ್ನು ‘ಮುಖವಾಡ’ ಅಂತ ಬರೆದರು. ನಮ್ಮ ಕಡೆಯವರಿಗೆ ಅದು ಸರಿ ಹೋಗುವುದಿಲ್ಲ. ಭೂತಕೋಲದಲ್ಲಿ ಮೊಗ, ಅಂದರೆ ಮುಖವಾಡ, ಇಡುವುದು ಯಾರನ್ನೋ ಮುಚ್ಚಿಡುವುದಕ್ಕಲ್ಲ, ದೈವ ಎದುರಿಗೆ ಬರುವುದಕ್ಕೆ. ನಾನು ‘ಮರೆ’ ಅನ್ನುತ್ತಿದ್ದೇನೆ. ‘ಬಕೆಟ್ಟಿಗೆ ಒಂದು ಮರೆ ಹಾಕಿ’ ಅಂದರೆ ಎಲ್ಲರಿಗೂ ತಕ್ಷಣ ಅರ್ಥವಾಯಿತು.

ಬೆಳಕು ಕಡಿಮೆ-ಜಾಸ್ತಿ ಮಾಡುವ ಎರಡು ಸಲಕರಣೆಗಳಿವೆಯಲ್ಲ, ‘ಡಾಜ್’ ಮತ್ತು ‘ಬರ್ನ್’, ಅವು ಡಾರ್ಕ್‌ರೂಮಿನಿಂದ ಬಂದ ಪದಗಳು. ಪ್ರಿಂಟ್ ಹಾಕುವಾಗ ಕೈ ಅಡ್ಡ ಹಿಡಿದು ಬೆಳಕು ತಡೆದರೆ ಆ ಜಾಗ ತಿಳಿಯಾಗುತ್ತದೆ, ಜಾಸ್ತಿ ಹೊತ್ತು ಬೆಳಕು ಬಿಟ್ಟರೆ ಕಪ್ಪಾಗುತ್ತದೆ. ಎರಡನೆಯದನ್ನು ‘ಸುಡು’ ಅಂತ ಮಾಡಿದರೆ ‘ಆಕಾಶ ಸ್ವಲ್ಪ ಸುಟ್ಟಿದ್ದೇನೆ’ ಅಂತ ಬರೆಯಬೇಕಾಗುತ್ತದೆ. ‘ತಿಳಿ ಮಾಡು’, ‘ದಟ್ಟ ಮಾಡು’ ಸಾಕು. ಗಂಜಿಯ ತಿಳಿ ಬಸಿದು ಗೊತ್ತಿರುವವರಿಗೆ ಹೊಸ ಪದ ಬೇಡ.

ಕೊನೆಯದಾಗಿ, ವಾರವಾರದ ನಮ್ಮ ಈ ಆಟಕ್ಕೆ ಹೇಳುವ ‘ಚಾಲೆಂಜ್’. ‘ಸವಾಲು’ ಅಂದರೆ ಜಗಳಕ್ಕೆ ಕರೆದ ಹಾಗೆ, ‘ಸ್ಪರ್ಧೆ’ ಅಂದರೆ ಗೆಲುವು ಸೋಲು ಬರುತ್ತದೆ. ನನಗೆ ತಾಳಮದ್ದಳೆಯ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಮಾತು ಹೊಳೆಯಿತು. ಒಂದೇ ಪ್ರಸಂಗ, ಅಂದರೆ ಒಂದೇ ಕಥೆ, ಭಾಗವತರು ಹಾಡುವುದೂ ಅದೇ ಪದ್ಯ. ಆದರೆ ಒಬ್ಬೊಬ್ಬ ಅರ್ಥಧಾರಿ ಹೇಳುವ ಅರ್ಥ ಬೇರೆ ಬೇರೆ. ಅದನ್ನು ಕೇಳುವುದಕ್ಕೇ ಜನ ರಾತ್ರಿಯೆಲ್ಲ ಕೂರುತ್ತಾರೆ. ನಮ್ಮದೂ ಹಾಗೇ ಅಲ್ವಾ? ಫೋಟೊ ಒಂದೇ, ಅರ್ಥ ಹತ್ತು. ಹಾಗಾಗಿ ‘ವಾರದ ಪ್ರಸಂಗ’ ಅನ್ನೋಣ ಅಂದೆ. ಕರಾವಳಿಯವರಿಗೆಲ್ಲ ಹಿಡಿಸಿತು. ಮೈಸೂರು, ಧಾರವಾಡ ಕಡೆಯವರಿಗೆ ‘ಪ್ರಸಂಗ’ ಅಂದರೆ ಏನೋ ಘಟನೆ ಅಂತ ಮಾತ್ರ ಕೇಳಿಸುತ್ತದಾ? ದಯವಿಟ್ಟು ಹೇಳಿ.

‘ತಿದ್ದು’ ಬಗ್ಗೆ ನಿಮ್ಮಿಂದ ಬೇಕಾದದ್ದು ಇಷ್ಟು. ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ, ತಪ್ಪಿನ ಮಾತೇ ಇಲ್ಲದೆ ‘ತಿದ್ದು’ ಅನ್ನುವುದು ಈಗಲೂ ಕೇಳುತ್ತದಾ? ಅಕ್ಷರ, ಕುಂಕುಮ, ನಾಮ ಬಿಟ್ಟು ಬೇರೆ ಯಾವುದಕ್ಕೆ? ಇಪ್ಪತ್ತು ವರ್ಷದೊಳಗಿನ ಮಕ್ಕಳು ಹಾಗೆ ಬಳಸುತ್ತಾರಾ? ‘ತಿದ್ದಿ ತೀಡಿ’ ಅನ್ನುವ ಜೋಡಿಯಲ್ಲಿ ‘ತೀಡು’ ಮಾತ್ರ ತೆಗೆದುಕೊಂಡರೆ ಹೇಗೆ? ಹುಬ್ಬು ತೀಡುತ್ತೇವೆ, ಮೀಸೆ ತೀಡುತ್ತೇವೆ, ತಂಗಾಳಿ ತೀಡುತ್ತದೆ, ಯಾವುದರಲ್ಲೂ ತಪ್ಪಿನ ವಾಸನೆ ಇಲ್ಲ. ‘ಚಿತ್ರ ತೀಡಿ ಕಳುಹಿಸಿ’ ಅಂದರೆ ನಿಮ್ಮ ಕಿವಿಗೆ ಸಹಜವಾ, ಬಲವಂತವಾ?

ಹುಡುಗಿ ಸಮಾಧಾನವಾಗಿದ್ದಾಳೆ. ಮಾಷ್ಟ್ರು ಮಾಡಿದ ಕೈಗಳ ಚಿತ್ರವನ್ನು ಪ್ರಿಂಟ್ ಹಾಕಿಸಿ ಅಜ್ಜಿಗೆ ತೋರಿಸಿದಳಂತೆ. ಅಜ್ಜಿ ನೋಡಿ, ‘ನಾರು ಸ್ವಲ್ಪ ಸಡಿಲ ಆಯ್ತು’ ಅಂದರಂತೆ. ಈ ವಾರದ ಫೋಟೊ ಮಾಷ್ಟ್ರದು, ಮಲ್ಪೆ ಬಂದರಿನದು. ಶನಿವಾರ ರಾತ್ರಿ ಒಂಬತ್ತಕ್ಕೆ ಕರೆ ಬರೆಯಬೇಕು. ಅದಕ್ಕಿಂತ ಮೊದಲು ನಿಮ್ಮ ಉತ್ತರ ಬಂದರೆ ಉಪಕಾರವಾಗುತ್ತದೆ.