‘ಪುರಾಣ ಆಧಾರಿತ ಚಿತ್ರ’: ಯಾವ ಪುರಾಣ, ಎಂಥ ಆಧಾರ?

ಪ್ರಶ್ನೆ, ಶಿರಸಿಯಿಂದ

ಹಳೆಯ ಪೌರಾಣಿಕ ಸಿನಿಮಾಗಳ ಪ್ರದರ್ಶನವೊಂದಕ್ಕೆ ಫಲಕಗಳ ಬರಹ ತಿದ್ದಬೇಕಾಗಿದೆ. ಮೊದಲ ಫಲಕದ ವಾಕ್ಯ ಹೀಗಿದೆ: ‘ಭಾರತದ ಮೊದಲ ಕಥಾಚಿತ್ರವು ಪೌರಾಣಿಕ ಧರ್ಮಗ್ರಂಥವನ್ನು ಆದರಿಸಿದ 40 ನಿಮಿಷಗಳ ರೂಪಾಂತರವಾಗಿದ್ದು, ನಂತರ ಕನ್ನಡದಲ್ಲಿಯೂ ರಾಮಾಯಣ, ಮಹಾಭಾರತಗಳ ಚಿತ್ರೀಕರಣ ನಡೆಯಿತು.’ ಓದುವಾಗ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ. ಎಲ್ಲಿದೆ ಎಂದು ಹೆಕ್ಕಲು ಬರುತ್ತಿಲ್ಲ.

ಕೇಳಬೇಕಾದ್ದು ಇಷ್ಟು. ಅಳವಡಿಕೆ, ರೂಪಾಂತರ, ಆಧಾರಿತ, ಪ್ರೇರಿತ, ಇವುಗಳಲ್ಲಿ ಯಾವುದು ಎಲ್ಲಿಗೆ? ರಾಮಾಯಣ ಪುರಾಣವಲ್ಲ, ಇತಿಹಾಸ ಎನ್ನುತ್ತಾರೆ; ಹಾಗಾದರೆ ಅದರ ಸಿನಿಮಾ ಪೌರಾಣಿಕ ಹೇಗೆ? ಬೈಬಲ್ ಕಥೆಯ ಸಿನಿಮಾಕ್ಕೂ ಅದೇ ಶಬ್ದ ನಡೆಯುತ್ತದೆಯೆ? ಕೊನೆಯ ಫಲಕ ಗೋಕರ್ಣದ ಕಥೆಯ ‘ಭೂಕೈಲಾಸ’ದ್ದು. ಅಲ್ಲಿ ‘ಸ್ಥಳಪುರಾಣ ಆಧಾರಿತ’ ಎಂದು ಬರೆದರೆ ಅಡ್ಡಿಲ್ಲವೆ?

ಉತ್ತರ, ಹೊನ್ನಾವರದಿಂದ

ಹೆಗಡೇರೆ, ಮೊದಲ ಕಲ್ಲು ‘ಆದರಿಸಿದ’. ಆದರಿಸುವುದು ಎಂದರೆ ಮನೆಗೆ ಬಂದವರಿಗೆ ಆಸರಿಗೆ (ಕುಡಿಯಲು) ಕೊಟ್ಟು ಕೂರಿಸುವುದು. ನಿಮಗೆ ಬೇಕಾದ್ದು ಮಹಾಪ್ರಾಣದ ‘ಆಧರಿಸಿದ’. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಅರ್ಧಕ್ಕರ್ಧ ಬಿದ್ದೇ ಹೋಗುವುದರಿಂದ ಕಿವಿಯನ್ನು ನಂಬಿ ಬರೆದರೆ ಹೀಗಾಗುತ್ತದೆ. ‘ಆಧಾರಿತ’ ಈಗ ಎಲ್ಲ ಕಡೆ ನಡೆಯುತ್ತದೆ, ತಪ್ಪು ಎನ್ನಲಾರೆ. ಆದರೆ ‘ಆಧರಿಸಿದ’ ಎಂದರೆ ವಾಕ್ಯ ಉಸಿರಾಡುತ್ತದೆ.

ಅಳವಡು: ಅಳವು ಎಂದರೆ ಅಳತೆ, ಹಿಡಿತ, ಶಕ್ತಿ. ಅಳವಡುವುದು ಎಂದರೆ ಅಳತೆಗೆ ಬರುವುದು, ಹೊಂದಿಕೊಳ್ಳುವುದು, ಕೈಗೂಡುವುದು. ಅಳವಡಿಸು ಅದರ ಪ್ರೇರಣಾರ್ಥಕ ರೂಪ. ಹಾಗಾಗಿ ಒಂದು ಮಾಧ್ಯಮದ ಕಥೆಯನ್ನು ಇನ್ನೊಂದರ ಅಳತೆಗೆ ತರುವುದಕ್ಕೆ ಇದಕ್ಕಿಂತ ಹದವಾದ ಶಬ್ದ ಇಲ್ಲ. ವಿಭಕ್ತಿ ಮಾತ್ರ ನೋಡಿಕೊಳ್ಳಿ. ‘ಸಿನಿಮಾಕ್ಕೆ ಅಳವಡಿಸಿದರು’ ಸರಿ. ‘ಸಿನಿಮಾದಲ್ಲಿ ಅಳವಡಿಸಿದರು’ ಎಂದರೆ ಬಾವಿಯಲ್ಲಿ ಪಂಪು ಅಳವಡಿಸಿದ ಹಾಗೆ: ಒಳಗೆ ಕೂರಿಸಿದರು ಎಂದಾಗುತ್ತದೆ. ಸಿನಿಮಾದ ನಡುವೆ ಒಂದು ವಚನವನ್ನೋ ಕೀರ್ತನೆಯನ್ನೋ ಸೇರಿಸಿದ್ದರೆ ಆಗ ‘ಅಲ್ಲಿ’ ಸರಿಯಾದೀತು.

ರೂಪಾಂತರಕ್ಕೆ ಕನ್ನಡ ರಂಗಭೂಮಿಯಲ್ಲಿ ಖಚಿತವಾದ ಅರ್ಥವಿದೆ. ಕಥೆಯ ಬೆನ್ನೆಲುಬು ಉಳಿದು ಊರು, ಕಾಲ, ಹೆಸರುಗಳು ಬದಲಾಗಬೇಕು. ಸೊಫೊಕ್ಲಿಸನ ಗ್ರೀಕ್ ನಾಟಕ ಬಿ.ಎಂ. ಶ್ರೀಯವರ ಕೈಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಆದದ್ದು ರೂಪಾಂತರ. ಅಲ್ಲಿ ಗ್ರೀಕ್ ವೀರ ನಮ್ಮ ಮಹಾಭಾರತದೊಳಗೆ ಬಂದ. ಸಿನಿಮಾದಲ್ಲಿ ದಾರಿ ತಿರುಗುಮುರುಗು. 1981ರ ಹಿಂದಿ ‘ಕಲಿಯುಗ್’ನಲ್ಲಿ ಕುರುವಂಶ ಹೋಗಿ ಉದ್ಯಮಿಗಳ ಮನೆತನ ಬಂತು, ಅದೂ ರೂಪಾಂತರವೇ. 1991ರ ತಮಿಳು ‘ದಳಪತಿ’ಯಲ್ಲಿ ಕರ್ಣ, ದುರ್ಯೋಧನರ ಗೆಳೆತನದ ಎಳೆಯಷ್ಟೇ ಹಿಡಿದದ್ದು, ಅದಕ್ಕೆ ‘ಪ್ರೇರಿತ’ ಸಾಕು. ನಿಮ್ಮ ಫಲಕದ ಮೊದಲ ಕಥಾಚಿತ್ರ ಎಂದರೆ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’. ಹರಿಶ್ಚಂದ್ರ ಹರಿಶ್ಚಂದ್ರನಾಗಿಯೇ, ಕಾಶಿ ಕಾಶಿಯಾಗಿಯೇ ಉಳಿದ ಆ ಚಿತ್ರಕ್ಕೆ ರೂಪಾಂತರ ಎನ್ನಬೇಡಿ.

ಚಿತ್ರೀಕರಣ ಎಂದರೆ ಕ್ಯಾಮೆರಾ ಇಟ್ಟು ತೆಗೆಯುವ ಕೆಲಸ. ‘ರಾಮಾಯಣದ ಚಿತ್ರೀಕರಣ ನಡೆಯಿತು’ ಎಂದು ಓದಿದವರು ‘ಎಲ್ಲಿ, ಎಷ್ಟು ದಿನ?’ ಎಂದು ಕೇಳುತ್ತಾರೆ. ಫಾಲ್ಕೆಯವರ ಚಿತ್ರಕ್ಕೆ ಒಂದು ವರ್ಷ ಮೊದಲು, 1912ರ ಮೇ 18ರಂದು, ತೋರ್ನೆಯವರ ‘ಪುಂಡಲೀಕ’ ಬೊಂಬಾಯಿಯಲ್ಲಿ ತೆರೆ ಕಂಡಿತು. ಅದು ನಡೆಯುತ್ತಿದ್ದ ಮರಾಠಿ ನಾಟಕವನ್ನು ಹಾಗೆಹಾಗೇ ಹಿಡಿದದ್ದು. ಅದನ್ನು ನಾಟಕದ ಚಿತ್ರೀಕರಣ ಎನ್ನಿ. 1913ರ ‘ರಾಜಾ ಹರಿಶ್ಚಂದ್ರ’ ಚಿತ್ರಕ್ಕೆ ಮಾಡಿದ ಅಳವಡಿಕೆ. ಮೊದಲ ಚಿತ್ರ ಯಾವುದೆಂಬ ಹಳೆಯ ಜಗಳವೂ ಈ ಎರಡು ಶಬ್ದಗಳ ನಡುವಿನದೇ.

ಇನ್ನು ದೊಡ್ಡ ಕಲ್ಲು: ‘ಧರ್ಮಗ್ರಂಥವನ್ನು ಆಧರಿಸಿ’. ಯಾವ ಗ್ರಂಥ? ಮೂಲ ಬೇರೆ, ಆಕರ ಬೇರೆ. ಕಥೆ ಹುಟ್ಟಿದ ಜಾಗ ಮೂಲ, ಸಿನಿಮಾದವರು ಕೈ ಹಾಕಿ ಎತ್ತಿಕೊಂಡ ಜಾಗ ಆಕರ. ಎರಡೂ ಒಂದೇ ಆಗಿರುವುದು ಅಪರೂಪ. ನಮ್ಮ ಆಟದವರಿಗೆ, ಅಂದರೆ ಯಕ್ಷಗಾನದವರಿಗೆ, ಈ ಗೊಂದಲ ಇಲ್ಲವೇ ಇಲ್ಲ. ಕಥೆ ಜೈಮಿನಿ ಭಾರತದ್ದು, ಪ್ರಸಂಗ ಇಂಥ ಕವಿಯದ್ದು, ಅರ್ಥ ಇಂಥವರದ್ದು ಎಂದು ಮೂರು ಪಾಲು ಮಾಡಿ ಹೇಳುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಆ ರಾತ್ರಿ ರಂಗದಲ್ಲಿ ಹುಟ್ಟುವ ಮಾತು, ಹಾಗಾಗಿ ಪ್ರಸಂಗವನ್ನು ‘ಚಿತ್ರಕಥೆ’ಗೆ ಸಮ ಮಾಡುವುದೂ ಪೂರ್ತಿ ಸರಿಯಲ್ಲ.

ಆಕರ ಪತ್ತೆಗೆ ಸುಲಭದ ದಾರಿ ಪಾತ್ರಗಳ ಹೆಸರು. ಹರಿಶ್ಚಂದ್ರನನ್ನೇ ತೆಗೆದುಕೊಳ್ಳಿ. ಐತರೇಯ ಬ್ರಾಹ್ಮಣದ ಹರಿಶ್ಚಂದ್ರ ಸತ್ಯಕ್ಕೆ ಹೆಸರಾದವನೇ ಅಲ್ಲ. ಮಗ ಹುಟ್ಟಿದರೆ ಅವನನ್ನೇ ಬಲಿ ಕೊಡುತ್ತೇನೆ ಎಂದು ವರುಣನಿಗೆ ಹರಕೆ ಹೊತ್ತು, ಹುಟ್ಟಿದ ಮೇಲೆ ಮುಂದೂಡುತ್ತ ಹೋಗುತ್ತಾನೆ: ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಹಲ್ಲು ಬರಲಿ, ಕವಚ ತೊಡುವಷ್ಟಾಗಲಿ. ಮಗ ರೋಹಿತ ಕಾಡಿಗೆ ಓಡುತ್ತಾನೆ, ಅಪ್ಪನಿಗೆ ಜಲೋದರ ಬರುತ್ತದೆ, ಕೊನೆಗೆ ನೂರು ಹಸು ಕೊಟ್ಟು ಬಲಿಗೆ ಶುನಃಶೇಪನೆಂಬ ಹುಡುಗನನ್ನು ತರುತ್ತಾರೆ. ಹೆಂಡತಿಯನ್ನೂ ಮಗನನ್ನೂ ಮಾರಿ ಸುಡುಗಾಡು ಕಾಯುವ ಕಥೆ ಮಾರ್ಕಂಡೇಯ ಪುರಾಣದ್ದು; ಅಲ್ಲಿ ರಾಣಿಯ ಹೆಸರು ಶೈಬ್ಯೆ. ಫಾಲ್ಕೆಯವರ ಚಿತ್ರದಲ್ಲಿ ರಾಣಿ ತಾರಾಮತಿ. ಅದು ಮರಾಠಿ, ಹಿಂದಿ ಕಡೆ ಕಥೆ ನಡೆದು ಬಂದ ದಾರಿ. ಕನ್ನಡದಲ್ಲಿ ರಾಘವಾಂಕನಿಂದ ಮುಂದೆ ಅವಳು ಚಂದ್ರಮತಿ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಪಂಢರಿಬಾಯಿಯವರ ಪಾತ್ರವೂ ಚಂದ್ರಮತಿಯೇ. ಬಾಕಿ ಕೇಳಲು ಮಾರ್ಕಂಡೇಯದಲ್ಲಿ ವಿಶ್ವಾಮಿತ್ರ ತಾನೇ ಬರುತ್ತಾನೆ. ನಮ್ಮ ಕಡೆ ಬೆನ್ನು ಹತ್ತುವವನು ನಕ್ಷತ್ರಿಕ. ಸಾಲ ಕೊಟ್ಟವನ ಕಾಟಕ್ಕೆ ‘ನಕ್ಷತ್ರಿಕನ ಕಾಟ’ ಎನ್ನುವ ಮಾತನ್ನು ಕನ್ನಡಿಗರಿಗೆ ಕೊಟ್ಟದ್ದು ಸಂಸ್ಕೃತ ಪುರಾಣವಲ್ಲ, ಕನ್ನಡದ ಕಾವ್ಯ ಮತ್ತು ನಾಟಕ. ಅಂದಮೇಲೆ 1913ರ ಮತ್ತು 1965ರ ಎರಡೂ ಚಿತ್ರಗಳಿಗೆ ಒಂದೇ ಗೆರೆ ಎಳೆದು ‘ಮಾರ್ಕಂಡೇಯ ಪುರಾಣ ಆಧಾರಿತ’ ಎಂದರೆ ರಾಘವಾಂಕನನ್ನು ಅಳಿಸಿದ ಹಾಗೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934ರ ಮಾರ್ಚ್ 3) ಇನ್ನೂ ಖಡಾಖಡಿ ಉದಾಹರಣೆ. ‘ವಾಲ್ಮೀಕಿ ರಾಮಾಯಣ ಆಧಾರಿತ’ ಎಂದು ಕಣ್ಣು ಮುಚ್ಚಿ ಬರೆಯುವವರಿದ್ದಾರೆ. ವಾಲ್ಮೀಕಿಯಲ್ಲಿ ಸುಲೋಚನೆಯೇ ಇಲ್ಲ! ಇಂದ್ರಜಿತುವಿನ ಹೆಂಡತಿ, ಆದಿಶೇಷನ ಮಗಳು ಎನ್ನುವುದೆಲ್ಲ ಆಮೇಲಿನ ಕಥೆಗಾರರ ಪರಂಪರೆ. ಸಂಭಾಷಣೆ, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಾಟಕದವರು, ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ನಾಗೇಂದ್ರರಾಯರು ಇಬ್ಬರೂ ನಾಟಕ ಕಂಪನಿಯವರು. ಆಕರ ರಂಗಭೂಮಿ ಎನ್ನಲು ಇಷ್ಟು ಸಾಕು. ಇನ್ನೊಂದು ಗಮನಿಸಿ: ಇದೇ ಘಟ್ಟ ಆಟದಲ್ಲಿ ‘ಇಂದ್ರಜಿತು ಕಾಳಗ’. ಮೇಳ ಗಂಡನ ಕಾಳಗದಿಂದ ಹೆಸರಿಟ್ಟರೆ ನಾಟಕ, ಸಿನಿಮಾ ಹೆಂಡತಿಯ ಶೀಲದಿಂದ ಹೆಸರಿಟ್ಟವು. ಆ ‘ಸತಿ’ ಬಿರುದಿನಂತೆ ಬಂದದ್ದು. ಸಾವಿತ್ರಿಗೂ ಇದೆ, ಅವಳೇನೂ ಚಿತೆ ಏರಿದವಳಲ್ಲ. ಅಂದಹಾಗೆ, ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದೂ 1934ರಲ್ಲೇ.

ಸೇರ್ಪಡೆ, ಕಾರವಾರದಿಂದ

ಹೊನ್ನಾವರದವರು ‘ಪೌರಾಣಿಕ’ವನ್ನು ಬಿಟ್ಟುಬಿಟ್ಟರು. ಪುರಾಣಕ್ಕೆ ಇಕ ಪ್ರತ್ಯಯ ಸೇರಿ ಮೊದಲ ಸ್ವರ ವೃದ್ಧಿಯಾದರೆ ಪೌರಾಣಿಕ. ಪುರಾಣ ಹೇಳುವ ಮನುಷ್ಯನಿಗೂ ಅದೇ ಹೆಸರು, ಕರಾವಳಿಯಲ್ಲಿ ಪುರಾಣಿಕ ಎಂಬ ಅಡ್ಡಹೆಸರು ಈಗಲೂ ಇದೆ. ‘ಪೌರಾಣಿಕ ನಾಟಕ’ದಿಂದ ‘ಪೌರಾಣಿಕ ಚಿತ್ರ’ ಬಂತು. ಶಾಸ್ತ್ರದ ಪ್ರಕಾರ ರಾಮಾಯಣ, ಮಹಾಭಾರತ ಇತಿಹಾಸ ಎಂಬುದು ನಿಜ. ಆದರೆ ‘ಬಬ್ರುವಾಹನ’ವನ್ನು ಐತಿಹಾಸಿಕ ಚಿತ್ರ ಎಂದು ಬರೆದು ನೋಡಿ: ಓದುವವರು ಅದನ್ನು ಮಯೂರವರ್ಮನ ಪಕ್ಕದಲ್ಲಿ ಕೂರಿಸುತ್ತಾರೆ. ಬಳಕೆ ಗೆದ್ದಿದೆ, ಪೌರಾಣಿಕ ಎಂದೇ ಬರೆಯಿರಿ. ‘ಪೌರಾಣಿಕ ಧರ್ಮಗ್ರಂಥ’ ಮಾತ್ರ ಬೇಡ. ‘ಪುರಾಣ’ ಎಂದರೆ ಮುಗಿಯಿತು.

ಬೈಬಲ್ ವಿಷಯಕ್ಕೆ ನಮ್ಮ ಪಕ್ಕದ ಗೋವೆಯಲ್ಲೇ ಪೂರ್ವಾಧಾರವಿದೆ. ಜೆಸುಯಿಟ್ ಪಾದ್ರಿ ತೋಮಸ್ ಸ್ಟೀಫನ್ಸ್ ಬೈಬಲ್ ಕಥೆಯನ್ನು ಮರಾಠಿಯ ಓವಿ ಪದ್ಯಗಳಲ್ಲಿ ಬರೆದರು. 1616ರಲ್ಲಿ ಅಚ್ಚಾದ ಅದಕ್ಕೆ ಇಂದಿಗೂ ಇರುವ ಹೆಸರು ‘ಕ್ರಿಸ್ತಪುರಾಣ’. ಶಬ್ದ ಆ ಕಡೆ ಹೋಗಬಲ್ಲದು ಎಂದಾಯಿತು. ಹಾಗೆಂದು ಇವತ್ತಿನ ಫಲಕದಲ್ಲಿ ಕ್ರಿಸ್ತನ ಚಿತ್ರಕ್ಕೆ ‘ಪೌರಾಣಿಕ’ ಎಂದರೆ ಕಟ್ಟುಕಥೆ ಎಂದಂತೆ ಕೇಳಿಸಿ ಕೆಲವರಿಗೆ ನೋವಾದೀತು. ‘ಪುರಾಣ ಬಿಡಬೇಡ’ ಎಂದು ನಾವೇ ದಿನಾ ಬೈಯುತ್ತೇವಲ್ಲ. ‘ಬೈಬಲ್ ಕಥೆಯ ಚಿತ್ರ’ ನೇರ, ಸ್ಪಷ್ಟ. ಫಾಲ್ಕೆಯವರಿಗೆ ಕೃಷ್ಣ, ರಾಮರನ್ನು ತೆರೆಗೆ ತರುವ ಆಸೆ ಹುಟ್ಟಿದ್ದು ಬೊಂಬಾಯಿಯಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡುವಾಗ. ಆದ್ದರಿಂದ ಆ ಫಲಕ ಹರಿಶ್ಚಂದ್ರನಿಗಿಂತ ಮೊದಲೇ ಬರಬೇಕು.

ಚಿತ್ರೀಕರಣದ ಜೊತೆ ‘ಚಿತ್ರಣ’ವನ್ನೂ ಬೇರೆ ಮಾಡಿ ಹೇಳಬೇಕು. 1976ರ ‘ದ ಮೆಸೇಜ್’ ಪ್ರವಾದಿಯ ಕಾಲದ ಕಥೆ. ಇಡೀ ಚಿತ್ರದಲ್ಲಿ ಪ್ರವಾದಿ ಕಾಣುವುದಿಲ್ಲ, ಅವರ ದನಿಯೂ ಇಲ್ಲ. ಎದುರಿಗಿರುವವರು ಕ್ಯಾಮೆರಾ ನೋಡಿ ಮಾತಾಡುತ್ತಾರೆ. ಕಥೆಯ ಚಿತ್ರೀಕರಣ ಆಯಿತು, ಪ್ರವಾದಿಯ ಚಿತ್ರಣ ಆಗಲಿಲ್ಲ.

40 ನಿಮಿಷದ್ದೂ ಒಂದು ಮಾತು. ‘ರಾಜಾ ಹರಿಶ್ಚಂದ್ರ’ ಸುಮಾರು 3,700 ಅಡಿ, 4 ರೀಲು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟು. ಸೆಕೆಂಡಿಗೆ 16ರಂತೆ ತಿರುಗಿಸಿದರೆ ಅಡಿಗೊಂದು ಸೆಕೆಂಡು, ಒಂದು ಗಂಟೆಗಿಂತ ತುಸು ಹೆಚ್ಚು. ಟಾಕಿಯ ವೇಗ 24ರಲ್ಲಿ ಓಡಿಸಿದರೆ 41 ನಿಮಿಷ. ಮೂಕಿಗಳ ಕಾಲದಲ್ಲಿ ವೇಗಕ್ಕೆ ಕಟ್ಟುನಿಟ್ಟು ಇರಲಿಲ್ಲ, ಅದಕ್ಕೇ ನಿಮಿಷ ಬಿಟ್ಟು ಅಡಿ ಬರೆಯುವುದು ಕ್ಷೇಮ. (‘ಮೂಕಿ’ ಕೂಡ ಚಂದದ ಶಬ್ದ: ‘ಟಾಕಿ’ಯ ಅಚ್ಚಿನಲ್ಲಿ ನಮ್ಮ ‘ಮೂಕ’ನನ್ನು ಎರಕ ಹೊಯ್ದದ್ದು.)

ಮತ್ತೆ ಹೊನ್ನಾವರದಿಂದ

ಕಾರವಾರದ ನಾಯ್ಕರು ಹೇಳಿದ್ದು ಸರಿ. ಭೂಕೈಲಾಸ ಬಾಕಿ ಇತ್ತು. ಭೂಕೈಲಾಸ ಎನ್ನುವುದು ಗೋಕರ್ಣದ್ದೇ ಬಿರುದು. ಸ್ಥಳಪುರಾಣ ಎಂದರೆ ಒಂದು ಕ್ಷೇತ್ರ ಏಕೆ ದೊಡ್ಡದು ಎಂದು ಹೇಳುವ ಕಥೆ. ರಾವಣನ ಕೈಯಿಂದ ವಟು ರೂಪದ ಗಣಪತಿ ಆತ್ಮಲಿಂಗ ತೆಗೆದುಕೊಂಡು, ಮೂರು ಸಲ ಕರೆದು ನೆಲಕ್ಕಿಟ್ಟದ್ದು, ಎಳೆದಾಗ ಅದು ಹಸುವಿನ ಕಿವಿಯಂತೆ ತಿರುಚಿಕೊಂಡದ್ದು, ಸಿಟ್ಟಿನಲ್ಲಿ ಎಸೆದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಬಿದ್ದಲ್ಲಿ ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರ ಆದದ್ದು, ಹೀಗೆ ಆ ಕಥೆಯ ಗುರಿ ಊರು. ಕಾರವಾರದಿಂದ ಭಟ್ಕಳದವರೆಗಿನ ನಕಾಶೆಯೇ ಅದರಲ್ಲಿದೆ. ನಾಟಕದ ಗುರಿ ರಾವಣ. ಅವನ ತಪಸ್ಸು, ಮಾಯೆಗೆ ಸಿಕ್ಕಿ ಪಾರ್ವತಿಯನ್ನೇ ವರ ಕೇಳಿದ್ದು, ನಾರದನ ಕಿತಾಪತಿ, ಮಂಡೋದರಿಯ ಮದುವೆ ಇವೇ ಮುಖ್ಯ. ಮೂರು ಕರೆ ಪುರಾಣದಲ್ಲಿ ಒಂದೇ ಶ್ಲೋಕಕ್ಕೆ ಮುಗಿದೀತು. ಆಟದಲ್ಲಿ ಒಳ್ಳೆಯ ಅರ್ಥಧಾರಿ ಒಂದೊಂದು ಕರೆಯ ನಡುವೆಯೂ ರಾವಣನನ್ನು ಹತ್ತು ನಿಮಿಷ ನಿಲ್ಲಿಸಬಲ್ಲ. ಸಿನಿಮಾದಲ್ಲಿ ಅರ್ಘ್ಯದ ಬೊಗಸೆಯನ್ನೂ ಹುಡುಗನ ಮುಖವನ್ನೂ ಮುಳುಗುವ ಸೂರ್ಯನನ್ನೂ ಒಂದಾದ ಮೇಲೊಂದು ತೋರಿಸಿದರೆ ಸಾಕು. ಅಳತೆಗೆ ತರುವುದು ಎಂದದ್ದು ಇದಕ್ಕೇ.

ಆಕರದ ದಾರಿ ಮಜವಾಗಿದೆ. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಅವರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಕನ್ನಡ ನಾಟಕ 1940ರಲ್ಲಿ ತೆಲುಗು ಸಿನಿಮಾ ಆಯಿತು, ರಾವಣ ಮತ್ತು ನಾರದರಾಗಿ ಕನ್ನಡದ ಇವರೇ. 1958ರಲ್ಲಿ ಎವಿಎಂ ಚಿತ್ರಸಂಸ್ಥೆಯವರು ಅದನ್ನೇ ತೆಲುಗು, ಕನ್ನಡ ಎರಡರಲ್ಲೂ ಮತ್ತೆ ತೆಗೆದರು, ಕನ್ನಡದ ರಾವಣ ರಾಜಕುಮಾರ್. ನಮ್ಮ ಊರಿನ ಕಥೆ ನಾಟಕದವರ ಗಾಡಿ ಹತ್ತಿ, ತೆಲುಗಿನ ಮನೆ ಹೊಕ್ಕು, ಕನ್ನಡ ಸಿನಿಮಾವಾಗಿ ತಿರುಗಿ ಬಂತು. ‘ಸ್ಥಳಪುರಾಣ ಆಧಾರಿತ’ ಎಂದು ಮುಗಿಸಿದರೆ ನಡುವಿನ ಅಷ್ಟೂ ಪ್ರಯಾಣ ಮಾಯ.

ಶಿರಸಿಯಿಂದ

ಇಬ್ಬರಿಂದಲೂ ಉಪಕಾರವಾಯಿತು. ಮೊದಲ ಫಲಕ ಈಗ ಹೀಗಿದೆ: ‘ಹರಿಶ್ಚಂದ್ರನ ಕಥೆಯನ್ನು ಫಾಲ್ಕೆಯವರು 1913ರಲ್ಲಿ ಮೂಕಿಚಿತ್ರಕ್ಕೆ ಅಳವಡಿಸಿದರು, ಉದ್ದ ಸುಮಾರು 3,700 ಅಡಿ. ಮೂಲ ಮಾರ್ಕಂಡೇಯ ಪುರಾಣ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ, 1934. ಅದರ ಆಕರ ರಂಗಭೂಮಿ.’ ಕೊನೆಯದು: ‘ಭೂಕೈಲಾಸ, 1958. ಮೂಲ ಗೋಕರ್ಣದ ಕ್ಷೇತ್ರಮಾಹಾತ್ಮ್ಯ, ಆಕರ ಕನ್ನಡ ನಾಟಕ ಮತ್ತು 1940ರ ತೆಲುಗು ಚಿತ್ರ.’ ಇದರಲ್ಲಿ ಒಂದು ಶಬ್ದಕ್ಕೆ ತಕರಾರು ಬಂದಿದೆ. ‘ಮಂತ್ರಾಲಯ ಮಹಾತ್ಮೆ’, ‘ಶ್ರೀದೇವಿ ಮಹಾತ್ಮೆ’ ಎಂದೆಲ್ಲ ಇರುವಾಗ ಇದೇನು ಮಾಹಾತ್ಮ್ಯ ಎಂದು ಕೇಳುತ್ತಾರೆ.

ಹೊನ್ನಾವರದಿಂದ

ಸಂಸ್ಕೃತದಲ್ಲಿ ಮಾಹಾತ್ಮ್ಯ. ಕನ್ನಡದ ನಾಲಿಗೆ ಅದನ್ನು ಮಹಾತ್ಮೆ ಮಾಡಿಕೊಂಡು ಕಾಲವಾಯಿತು, ಆಟದ ಪ್ರಸಂಗಗಳಲ್ಲೂ ಅದೇ ನಿಂತಿದೆ. ಎರಡೂ ಸರಿ, ಒಂದೇ ಫಲಕದಲ್ಲಿ ಎರಡನ್ನೂ ಬೆರೆಸಬೇಡಿ. ನಿಮಗೆ ಜಾಗ ಕಮ್ಮಿ ಇದ್ದರೆ ‘ಸ್ಥಳಪುರಾಣ’ವೇ ಇರಲಿ. ಅಲ್ಲಿ ‘ಆಧಾರಿತ’ ತೆಗೆದ ಮೇಲೆ ಅದರ ಮೇಲೆ ನನ್ನ ತಕರಾರಿಲ್ಲ.