ವೆಲ್‌ಬೀಯಿಂಗ್‌ಗೆ ಕನ್ನಡದಲ್ಲಿ ಏನಂತೀರಿ? ಅನುದಾನದ ಅರ್ಜಿಯೊಂದರ ಪದಗಳು

ಎಲ್ಲರಿಗೂ ನಮಸ್ಕಾರ.

ಒಂದು ಅರ್ಜಿ ನಮೂನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನಸ್ಸಿನ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಣ್ಣ ಸಣ್ಣ ಗುಂಪುಗಳಿಗೆ ಹಣ ಕೊಡುವ ಸಂಸ್ಥೆಯೊಂದರ ಅರ್ಜಿ ಅದು. ಹತ್ತಿರದವರನ್ನು ಕಳೆದುಕೊಂಡವರು ವಾರಕ್ಕೊಮ್ಮೆ ಸೇರಿ ಮಾತಾಡುವ ಗುಂಪು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಗುಂಪು, ಕುಡಿತ ಬಿಟ್ಟವರು ಬಿಡಲು ಒದ್ದಾಡುತ್ತಿರುವವರ ಜೊತೆ ಕೂರುವ ಗುಂಪು, ಇಂಥವು. ಇವರಿಗೆ ಕಚೇರಿ ಇಲ್ಲ, ಅರ್ಜಿ ಬರೆಯಲು ಆಳಿಲ್ಲ. ಅರ್ಜಿಯ ಭಾಷೆ ಗಟ್ಟಿಯಾದರೆ ಹಣ ಮತ್ತೆ ಅರ್ಜಿ ಬರೆಯುವುದರಲ್ಲಿ ಪಳಗಿದವರ ಕೈಗೇ ಹೋಗುತ್ತದೆ. ಅದಕ್ಕೇ ಪದಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಮೊದಲ ಕರಡಿನಲ್ಲಿ ಹೀಗೊಂದು ಪ್ರಶ್ನೆ ಬರೆದಿದ್ದೆ: ‘ಪ್ರಸ್ತಾವಿತ ಯೋಜನೆಯಿಂದ ಸಮುದಾಯದ ಮಾನಸಿಕ ಯೋಗಕ್ಷೇಮದಲ್ಲಿ ನಿರೀಕ್ಷಿಸುವ ಫಲಿತಾಂಶವೇನು?’ ಬರೆಯುವಾಗ ತಪ್ಪೇನೂ ಕಾಣಲಿಲ್ಲ. ಅಂಥದ್ದೊಂದು ಗುಂಪು ನಡೆಸುವ ಅಕ್ಕನೊಬ್ಬರಿಗೆ ಓದಲು ಕೊಟ್ಟೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ‘ಮಾನಸಿಕ’ದ ಹತ್ತಿರ ಬೆರಳು ನಿಂತಿತು. “ನಮ್ಮಲ್ಲಿ ಅಂಥವರು ಯಾರೂ ಇಲ್ಲಪ್ಪ” ಅಂದರು. ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದರು.

ಆಮೇಲೆ ಕಾಗದ ಪಕ್ಕಕ್ಕಿಟ್ಟು ಕೇಳಿದೆ: “ಅಕ್ಕಾ, ನಿಮ್ಮ ಗುಂಪಿಗೆ ಬರೋಕೆ ಶುರು ಮಾಡಿದ ಮೇಲೆ ಅವರಿಗೆಲ್ಲ ಏನು ಬದಲಾಯ್ತು?” ಅವರು ಹತ್ತು ನಿಮಿಷ ಮಾತಾಡಿದರು. ಒಬ್ಬರಿಗೆ ಈಗ ರಾತ್ರಿ ನಿದ್ದೆ ಬರುತ್ತಿದೆಯಂತೆ. ಇನ್ನೊಬ್ಬರು ಗಂಡ ತೀರಿಕೊಂಡ ಮೇಲೆ ಮೊದಲ ಸಲ ಒಬ್ಬರೇ ಹೊರಗೆ ಹೋಗಿ ಬಂದರಂತೆ. ಮುಂಚೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ ಮತ್ತೊಬ್ಬರು ಈಗ ತಾವೇ ನಿಂತು ಮಾತಾಡಿಸುತ್ತಾರಂತೆ. ಅರ್ಜಿಗೆ ಬೇಕಾದ ಉತ್ತರ ಇದೇ ಅಲ್ವಾ? ನನ್ನ ಪ್ರಶ್ನೆಯೇ ಅದಕ್ಕೆ ಅಡ್ಡ ನಿಂತಿತ್ತು.

‘ಮಾನಸಿಕ’ವನ್ನು ಅವತ್ತೇ ತೆಗೆದೆ. ಆಡುಮಾತಿನಲ್ಲಿ ‘ಮೆಂಟಲ್’ ಬೈಗುಳವಾಗಿ ಎಷ್ಟೋ ಕಾಲವಾಯಿತು, ‘ಮಾನಸಿಕ’ಕ್ಕೂ ಅದರ ನೆರಳು ತಾಗಿದೆ. ‘ಮನಸ್ಸಿನ ಆರೋಗ್ಯ’ ಅಂದರೆ ಯಾರೂ ಬೆಚ್ಚುವುದಿಲ್ಲ, ಮನಸ್ಸು ಎಲ್ಲರಿಗೂ ಇದೆ.

ವೆಲ್‌ಬೀಯಿಂಗ್, ಅಂದರೆ ಕರಡಿನಲ್ಲಿ ನಾನು ‘ಯೋಗಕ್ಷೇಮ’ ಅಂತ ಬರೆದಿದ್ದ ಇಂಗ್ಲಿಷ್ ಪದ ಮಾತ್ರ ಇನ್ನೂ ಬಗೆಹರಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲೇ ಆರೋಗ್ಯ ಅಂದರೆ ದೇಹ, ಮನಸ್ಸು, ಸಮಾಜ ಮೂರರ ವೆಲ್‌ಬೀಯಿಂಗ್, ಸುಮ್ನೆ ರೋಗ ಇಲ್ಲದಿರುವುದಷ್ಟೇ ಅಲ್ಲ ಅಂತ ಹೇಳಿತು. ಅಲ್ಲಿಂದ ಈ ಪದ ಎಲ್ಲ ಅರ್ಜಿಗಳಿಗೂ ಹಬ್ಬಿದೆ. ಕನ್ನಡದಲ್ಲಿ ಇದಕ್ಕೆ ‘ಸುಸ್ಥಿತಿ’ ಅಂತ ಬರೆದಿದ್ದನ್ನು ಓದಿದ್ದೇನೆ. ನನಗದು ಒಗ್ಗುವುದಿಲ್ಲ. ಗಾಡಿ ಸುಸ್ಥಿತಿಯಲ್ಲಿರುತ್ತದೆ, ಕಟ್ಟಡ ಸುಸ್ಥಿತಿಯಲ್ಲಿರುತ್ತದೆ, ಮನುಷ್ಯರನ್ನು ಹಾಗೆ ಅನ್ನುವುದಿಲ್ಲ. ‘ಸ್ವಾಸ್ಥ್ಯ’ದ ಒಳಗಿನ ಅರ್ಥ ಬಹಳ ಚೆನ್ನಾಗಿದೆ, ತನ್ನಲ್ಲಿ ತಾನು ನಿಂತಿರುವುದು. ಆದರೆ ಅದು ‘ಸಮಾಜದ ಸ್ವಾಸ್ಥ್ಯ ಕೆಡಿಸುವವರು’ ಅನ್ನುವ ಭಾಷಣದಲ್ಲೇ ಜಾಸ್ತಿ ಸಿಗುತ್ತದೆ.

‘ಯೋಗಕ್ಷೇಮ’ವನ್ನು ಬಿಟ್ಟುಕೊಡಲು ನನಗೆ ನಿಜವಾಗಿ ಬೇಸರ. ಯೋಗ ಅಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮ ಅಂದರೆ ಪಡೆದದ್ದನ್ನು ಕಾಪಾಡಿಕೊಳ್ಳುವುದು. ಅನುದಾನ ಮಾಡಬೇಕಾದ ಕೆಲಸವೂ ಅದೇ. ಒಂದು ವರ್ಷದ ಹಣದಲ್ಲಿ ಗುಂಪು ಶುರುವಾಗುತ್ತದೆ, ಹಣ ನಿಂತ ವರ್ಷ ಗುಂಪೂ ನಿಲ್ಲುತ್ತದೆ. ಕ್ಷೇಮದ ಭಾಗಕ್ಕೆ ಹಣ ಕೊಡುವವರು ಕಡಿಮೆ. ಇಷ್ಟಾದರೂ ಬಳಕೆಯಲ್ಲಿ ಯೋಗಕ್ಷೇಮವನ್ನು ಬೇರೆಯವರು ಬಂದು ‘ವಿಚಾರಿಸುತ್ತಾರೆ’. ದೊಡ್ಡವರು ಆಸ್ಪತ್ರೆಗೆ ಬಂದು ವಿಚಾರಿಸುವ ಪದ ಅದು. ನನ್ನ ಯೋಗಕ್ಷೇಮ ಈ ತಿಂಗಳು ಸುಧಾರಿಸಿದೆ ಅಂತ ಯಾರೂ ಹೇಳಿಕೊಳ್ಳುವುದಿಲ್ಲ.

ಉಳಿದದ್ದು ‘ನೆಮ್ಮದಿ’. ಇದು ಎಲ್ಲರ ಬಾಯಲ್ಲೂ ಇದೆ. ಹಳಗನ್ನಡದಲ್ಲಿ ‘ನೆಮ್ಮು’ ಅಂದರೆ ಒರಗು, ಆತುಕೊಳ್ಳು. ನೆಮ್ಮದಿ ಅದೇ ಬೇರಿನದಾದರೆ, ಒರಗಲು ಒಂದು ಆಸರೆ ಇರುವುದೇ ನೆಮ್ಮದಿ ಅಂತಾಗುತ್ತದೆ. ಇಂಥ ಗುಂಪುಗಳಿಗೆ ಇದಕ್ಕಿಂತ ಒಪ್ಪುವ ಅರ್ಥ ಇನ್ನೇನಿದೆ? ತೆಲುಗಿನಲ್ಲಿ ಇದೇ ಪದಕ್ಕೆ ನಿಧಾನ, ಮೆಲ್ಲಗೆ ಅನ್ನುವ ಅರ್ಥವಿದೆ. ಈ ಪದದ ಹುಟ್ಟು ಬಲ್ಲವರು ದಯವಿಟ್ಟು ಬರೆಯಿರಿ.

ಆದರೆ ನೆಮ್ಮದಿ ಪೂರ್ತಿ ಸಾಲುತ್ತದೆಯೇ ಅಂತ ಒಂದು ಪರೀಕ್ಷೆ ಮಾಡಿ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯದೇ ಒಂದು 5 ಪ್ರಶ್ನೆಗಳ ಅಳತೆಗೋಲು ಇದೆ, 1998ರದು. ಕಳೆದ 2 ವಾರ ಹೇಗಿದ್ದಿರಿ ಅಂತ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 5 ಅಂಕ, ಒಟ್ಟು 25. ಅನುದಾನ ಕೊಡುವವರು ಯೋಜನೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇಂಥದ್ದನ್ನು ತುಂಬಿಸಿಕೊಳ್ಳುವುದುಂಟು. ಆ ಐದನ್ನು ಕನ್ನಡದಲ್ಲಿ ಬರೆದುಕೊಂಡೆ. ಮನಸ್ಸು ಶಾಂತವಾಗಿ, ಹಗುರವಾಗಿ ಇತ್ತೇ? ಇದು ನೆಮ್ಮದಿ. ಎದ್ದಾಗ ನಿದ್ದೆ ತುಂಬಿ ಮೈ ಹಗುರವಾಗಿತ್ತೇ? ಇದನ್ನೂ ಸೇರಿಸಬಹುದು. ಖುಷಿಯಾಗಿದ್ದಿರಾ? ಚುರುಕಾಗಿ, ಹುರುಪಿನಿಂದ ಇದ್ದಿರಾ? ದಿನದಲ್ಲಿ ಮನಸ್ಸಿಗೆ ಹಿಡಿಸುವ ಸಂಗತಿಗಳಿದ್ದವೇ? ಈ ಮೂರು ನೆಮ್ಮದಿಯಲ್ಲಿ ಕೂರುವುದಿಲ್ಲ. ಅಲ್ಲಿ ‘ಲವಲವಿಕೆ’ ಬೇಕು. ಅಂದರೆ ವೆಲ್‌ಬೀಯಿಂಗ್ ಅನ್ನೋ ಒಂದು ಪದಕ್ಕೆ ನಮ್ಮಲ್ಲಿ ಎರಡು ಪದ ಕೆಲಸ ಮಾಡುತ್ತಿವೆ. ‘ನೆಮ್ಮದಿ-ಲವಲವಿಕೆ’ ಅಂತ ಜೋಡಿಸಿ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಕನ್ನಡದಲ್ಲಿ ಈ ಅರ್ಥ ಹೆಚ್ಚಾಗಿ ಕ್ರಿಯಾಪದದಲ್ಲಿ ಇರುತ್ತದೆ. ‘ಚೆನ್ನಾಗಿದ್ದೀರಾ?’, ‘ಹೇಗಿದ್ದಾಳೆ ಈಗ?’ ಅನ್ನುತ್ತೇವೆ. ಹಾಗಾಗಿ ಅರ್ಜಿಯ ಒಳಗಿನ ಪ್ರಶ್ನೆಗಳನ್ನೆಲ್ಲ ಕ್ರಿಯಾಪದದಲ್ಲೇ ಬರೆದಿದ್ದೇನೆ. ಹೆಸರುಪದ ಬೇಕಿರುವುದು ತಲೆಬರಹಕ್ಕೆ ಮಾತ್ರ.

ಜನರ ಮಾತನ್ನೇ ಹಿಡಿದರೆ ಅಳತೆ ಕೆಡುತ್ತದೆ ಅಂತ ಸಂಸ್ಥೆಯ ಕಡೆಯಿಂದ ಒಂದು ಅನುಮಾನ ಬಂದಿತ್ತು. ಅವರಿಗೆ ಜಿಂಬಾಬ್ವೆಯ ಉದಾಹರಣೆ ಕೊಟ್ಟೆ. ಅಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಸಂಕಟದಲ್ಲಿರುವವರ ಜೊತೆ ಕೂತು ಮಾತಾಡಲು ಊರ ಅಜ್ಜಿಯರಿಗೆ ತರಬೇತಿ ಕೊಟ್ಟರು. ಚಿಕಿತ್ಸಾಲಯದ ಅಂಗಳದಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಅಜ್ಜಿ ಮತ್ತು ಬಂದವರು. ಹೆಸರಿನಲ್ಲಿ ಮೊದಲು ‘ಮೆಂಟಲ್ ಹೆಲ್ತ್’ ಇತ್ತು, ಜನ ಬರಲಿಲ್ಲ. ಅಜ್ಜಿಯರ ಮಾತಿನಂತೆ ಅದು ‘ಗೆಳೆತನದ ಬೆಂಚು’ ಆಯಿತು. ಖಿನ್ನತೆ ಅನ್ನುವ ಬದಲು ಅವರು ಅಲ್ಲಿನ ಶೋನಾ ಭಾಷೆಯ ‘ಕುಫುಂಗಿಸಿಸಾ’ ಅನ್ನುವ ಪದ ಬಳಸಿದರು. ಅರ್ಥ, ಜಾಸ್ತಿ ಯೋಚನೆ ಮಾಡುವುದು. ನಾವೂ ‘ಪಾಪ, ತುಂಬಾ ಯೋಚನೆ ಹಚ್ಚಿಕೊಂಡಿದ್ದಾಳೆ’ ಅನ್ನುತ್ತೇವಲ್ಲ, ಅದೇ. ಮಾತುಕತೆಯ ಮೊದಲ ಹೆಜ್ಜೆಗೆ ಅವರಿಟ್ಟ ಹೆಸರಿನ ಅರ್ಥ ‘ಮನಸ್ಸು ತೆರೆಯುವುದು’. ಅಳತೆಗೆ ಬಳಸಿದ್ದು ಶೋನಾ ಜನ ಸಂಕಟ ಹೇಳಿಕೊಳ್ಳುವ ಮಾತುಗಳಿಂದಲೇ ಕಟ್ಟಿದ 14 ಪ್ರಶ್ನೆಗಳು. 573 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೆಂಚಿನ ಮೇಲೆ ಕೂತವರ ಸಂಕಟ 6 ತಿಂಗಳ ನಂತರ, ಮಾಮೂಲಿ ಆರೈಕೆ ಪಡೆದ ಉಳಿದವರಿಗಿಂತ ಕಡಿಮೆಯಾಗಿತ್ತು. ಅದಕ್ಕೆ ಹಣ ಬಂದದ್ದೂ ಅನುದಾನದಿಂದಲೇ, ಕೆನಡಾದ ಗ್ರ್ಯಾಂಡ್ ಚಾಲೆಂಜಸ್ ಸಂಸ್ಥೆಯಿಂದ.

ಈಗ ಹಣದ ಪದಗಳು. ಗ್ರ್ಯಾಂಟ್‌ಗೆ ‘ಅನುದಾನ’ ಅಂತಲೇ ಇಟ್ಟಿದ್ದೇನೆ. ‘ಸಹಾಯಧನ’ ಅಂದರೆ ಸಬ್ಸಿಡಿ, ಖರ್ಚಿನ ಒಂದು ಪಾಲು ಮಾತ್ರ ಸಿಗುತ್ತದೆ ಅಂತ ತಿಳಿಯುತ್ತಾರೆ. ‘ದೇಣಿಗೆ’ ಅಂದರೆ ಲೆಕ್ಕ ಒಪ್ಪಿಸಬೇಕಿಲ್ಲ ಅಂದುಕೊಳ್ಳುತ್ತಾರೆ. ತೊಂದರೆ ಕೊಟ್ಟದ್ದು ನಾನು ಯೋಚಿಸಿಯೇ ಇರದ ಪದ, ‘ಕಂತು’. ‘ಮೊದಲ ಕಂತು ಒಪ್ಪಂದದ ನಂತರ’ ಅಂತ ಬರೆದಿದ್ದೆ. ಅಕ್ಕ ಅದನ್ನು ಓದಿ, “ಎಷ್ಟು ಕಂತಲ್ಲಿ ತೀರಿಸಬೇಕು?” ಅಂತ ಕೇಳಿದರು. ಸಾಲ ಕಟ್ಟಿ ಗೊತ್ತಿರುವವರಿಗೆ ಕಂತು ಅಂದರೆ ಕಟ್ಟುವುದು, ಪಡೆಯುವುದಲ್ಲ. ಈಗ ‘ಹಣ ಎರಡು ಸಲವಾಗಿ ಬರುತ್ತದೆ’ ಅಂತ ಬದಲಿಸಿ, ಮೊದಲ ಪುಟದಲ್ಲೇ ‘ಇದು ಸಾಲ ಅಲ್ಲ. ಖರ್ಚು ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ಉಳಿದರೆ ಹಿಂದಿರುಗಿಸಬೇಕು’ ಅಂತ ಮೂರು ಸಾಲು ಸೇರಿಸಿದ್ದೇನೆ.

‘ಸಮುದಾಯ’ವೂ ಹೋಯಿತು. ‘ಯಾವ ಸಮುದಾಯದವರಿಗೆ?’ ಅಂತ ಇಬ್ಬರು ಕೇಳಿದರು, ಜಾತಿ ಅಂತಲೇ ಅವರ ಅರ್ಥ. ‘ನೆರೆಹೊರೆ’ ಹಾಕಿದ್ದೇನೆ. ಒಂದೇ ಕಾಯಿಲೆ, ಒಂದೇ ಕಷ್ಟದಿಂದ ಒಂದಾದವರು ಬೇರೆ ಬೇರೆ ಕಡೆ ಇರುತ್ತಾರೆ, ಅಲ್ಲಿ ನೆರೆಹೊರೆ ಒಪ್ಪುವುದಿಲ್ಲ. ಇದಕ್ಕೊಂದು ಪದ ಬೇಕು. ಗ್ರಾಸ್‌ರೂಟ್ಸ್‌ಗೆ ‘ತಳಮಟ್ಟ’ ಚಾಲ್ತಿಯಲ್ಲಿದೆ, ಆದರೆ ನಿಮ್ಮನ್ನು ಕೆಳಗೆ ಕೂರಿಸಿದ ಹಾಗಿದೆ. ‘ಜನರೇ ಕಟ್ಟಿಕೊಂಡ ಗುಂಪು’ ಅಂತ ಬಿಡಿಸಿ ಬರೆದಿದ್ದೇನೆ.

ಮುಂದಿನ ವಾರ ಹೊಸ ಕರಡನ್ನು ಅಕ್ಕನಿಗೆ ಮತ್ತೆ ಓದಲು ಕೊಡುತ್ತೇನೆ. ತಲೆಬರಹದ ಜಾಗ ಇನ್ನೂ ಖಾಲಿ ಇದೆ. ಇಂಥ ಗುಂಪುಗಳಲ್ಲಿ ಕೂತು ಬಂದವರು ನಿಮ್ಮಲ್ಲಿದ್ದರೆ, ಅಲ್ಲಿಂದ ಎದ್ದು ಬರುವಾಗ ಆಗುವುದಕ್ಕೆ ಜನ ಏನೆನ್ನುತ್ತಾರೆ? ‘ಹಗುರಾಯ್ತು’, ‘ಜೀವ ಬಂತು’, ಇನ್ನೇನಾದರೂ? ಕೇಳಿದ್ದನ್ನು ಕೇಳಿದ ಹಾಗೇ ಬರೆದು ತಿಳಿಸಿ.